ಗೇಟರ್‌ಗಳ ಊರಿಗೆ ಬರುವ ಮಗಳಿಗೆ

ಗೇನ್ಸ್‌ವಿಲ್, ಫ್ಲಾರಿಡಾ
ಜುಲೈ ಮೊದಲ ವಾರ

ಚಿ. ಮೇಘಾಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ವೀಸಾ ಆಯಿತೆಂದು ಕೇಳಿ ನನಗೂ ನಿಮ್ಮ ದೊಡ್ಡಪ್ಪನಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ನೀನು ಇಲ್ಲಿರುತ್ತೀಯ. ಮೇಲಿನ ಕೋಣೆಯನ್ನು ಈಗಲೇ ಖಾಲಿ ಮಾಡಿ ಇಟ್ಟಿದ್ದೇವೆ. ನೀನು ಕಳಿಸಿದ ಪ್ರಶ್ನೆಗಳನ್ನೆಲ್ಲ ಓದಿದೆ. ಹಾಸ್ಟೆಲಿನದು, ಬಸ್ಸಿನದು ಬಿಟ್ಟರೆ ಮಿಕ್ಕವೆಲ್ಲ ಅಲಿಗೇಟರಿನವೇ. ಅವುಗಳಲ್ಲಿ ಯಾವುವು ನಿನ್ನವು, ಯಾವುವು ನಿನ್ನ ಅವ್ವ ಪಕ್ಕದಲ್ಲಿ ಕುಳಿತು ಬರೆಸಿದವು ಎಂಬುದೂ ತಿಳಿಯಿತು. ಇವು ಫೋನಿನಲ್ಲಿ ಹೇಳಿ ಮುಗಿಸುವ ವಿಷಯಗಳಲ್ಲ. ಸಾವಕಾಶ ಬರೆಯುತ್ತೇನೆ, ಅವ್ವನಿಗೂ ಓದಿ ಹೇಳು.

ಮೊದಲು ಅವಳದೇ ಪ್ರಶ್ನೆ: ಹುಡುಗಿ ಓಡಾಡುವ ಜಾಗದಲ್ಲೂ ಅವು ಇರುತ್ತವೆಯೇ? ಇರುತ್ತವೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬೇಡ. ನಿನ್ನ ವಿಶ್ವವಿದ್ಯಾಲಯದ ಆವರಣದ ಒಳಗೇ ಲೇಕ್ ಆಲಿಸ್ ಎಂಬ ಕೆರೆ ಇದೆ, ಅದರಲ್ಲಿ ಅಲಿಗೇಟರ್‌ಗಳಿವೆ. ವಿಶ್ವವಿದ್ಯಾಲಯದ ಆಟದ ತಂಡಗಳ ಹೆಸರೇ ಗೇಟರ್ಸ್. ಈ ರಾಜ್ಯದಲ್ಲಿ ನಮ್ಮ ಜಿಲ್ಲೆಗಳ ಹಾಗೆ 67 ಕೌಂಟಿಗಳಿವೆ. ಅಲಿಗೇಟರ್ ಇಲ್ಲದ ಕೌಂಟಿ ಒಂದೂ ಇಲ್ಲ. ವನ್ಯಜೀವಿ ಆಯೋಗದ ಅಂದಾಜಿನಂತೆ ರಾಜ್ಯದಲ್ಲಿ ಒಟ್ಟು 13 ಲಕ್ಷದಷ್ಟಿವೆ. ಮನುಷ್ಯರು ಎರಡು ಕೋಟಿಗೂ ಮೇಲು. ಇಷ್ಟು ಜನ, ಇಷ್ಟು ಅಲಿಗೇಟರ್ ಒಂದೇ ನೀರಿನ ಸುತ್ತ ಬದುಕುತ್ತಿದ್ದರೂ, ಕೆಣಕದೆಯೇ ಕಚ್ಚಿಸಿಕೊಂಡು ವೈದ್ಯರ ಬಳಿ ಹೋಗಬೇಕಾಗುವವರು ವರ್ಷಕ್ಕೆ ಸರಾಸರಿ ಎಂಟು ಮಂದಿ. ಸಾವುಗಳೂ ಆಗಿವೆ. 1948ರಿಂದ ಲೆಕ್ಕ ಇಡುತ್ತ ಬಂದಿದ್ದಾರೆ, ಇಷ್ಟು ವರ್ಷಗಳಲ್ಲಿ ಆ ಸಂಖ್ಯೆ ಮೂವತ್ತರ ಆಸುಪಾಸು. 2016ರಲ್ಲಿ ಒರ್ಲಾಂಡೊ ಬಳಿಯ ಒಂದು ರೆಸಾರ್ಟಿನ ಕೆರೆಯಂಚಿನಲ್ಲಿ, ಕತ್ತಲಾಗುವ ಹೊತ್ತಿಗೆ, ಎರಡು ವರ್ಷದ ಮಗುವೊಂದು ಹೋಯಿತು. ಆ ಸುದ್ದಿ ಓದಿದ ಯಾವ ತಾಯಿಯೂ ಅದನ್ನು ಮರೆಯುವಂತಿಲ್ಲ. ಅವ್ವನ ಭಯ ಹುಸಿಯಲ್ಲ. ಆದರೆ ಆ ಭಯ ಎಲ್ಲಿ ಇರಬೇಕು, ಎಲ್ಲಿ ಬೇಡ ಎಂಬುದನ್ನು ತಿಳಿದುಕೊಂಡರೆ ನೀನು ಇಲ್ಲಿ ನೆಮ್ಮದಿಯಿಂದ ಇರಬಹುದು.

ನೀನು ದಾಂಡೇಲಿಯವಳು. ನಾನೂ ನಿನ್ನ ಅವ್ವನೂ ಅದೇ ಕಾಳಿ ನದಿಯ ದಂಡೆಯಲ್ಲಿ ಬೆಳೆದವರು. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ ಮಗ್ಗರ್ ಮೊಸಳೆ ನಿನಗೆ ಹೊಸದಲ್ಲ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೀ. ಮಗ್ಗರಿನ ಮೂತಿಯೂ ಅಗಲವೇ ಆದ್ದರಿಂದ ದೂರದಿಂದ ನೋಡಿದರೆ ಎರಡೂ ಒಂದೇ ಎನ್ನಿಸುತ್ತದೆ. ಹತ್ತಿರದ ಚಿತ್ರ ಸಿಕ್ಕರೆ ಬಾಯಿ ಮುಚ್ಚಿರುವಾಗ ಹಲ್ಲು ನೋಡು. ಅಲಿಗೇಟರಿನ ಕೆಳದವಡೆಯ ಹಲ್ಲುಗಳು ಒಳಗೆ ಅಡಗುತ್ತವೆ. ನಮ್ಮ ಮೊಸಳೆಯದಾದರೆ ಕೆಳಗಿನ ನಾಲ್ಕನೆಯ ಹಲ್ಲು ಹೊರಗೇ ಎದ್ದು ಕಾಣುತ್ತದೆ. ಅಲಿಗೇಟರಿನ ಬಣ್ಣ ಹೆಚ್ಚು ಕಪ್ಪು. ಅದು ಸಿಹಿನೀರಿನ ಪ್ರಾಣಿ. ಉಪ್ಪನ್ನು ಹೊರಹಾಕುವ ಗ್ರಂಥಿ ಅದರ ನಾಲಗೆಯಲ್ಲಿ ಮೊಸಳೆಗಳ ಹಾಗೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಸಮುದ್ರದಲ್ಲಿ ಬಹಳ ದಿನ ಇರಲಾರದು. ಈ ದೇಶದಲ್ಲಿ ನಿಜವಾದ ಮೊಸಳೆಯೂ ಒಂದು ಜಾತಿ ಇದೆ, ಫ್ಲಾರಿಡಾದ ದಕ್ಷಿಣದ ತುದಿಯಲ್ಲಿ. ಮೊಸಳೆ, ಅಲಿಗೇಟರ್ ಎರಡೂ ಕಾಡಿನಲ್ಲಿ ಒಟ್ಟಿಗೆ ಬದುಕುವ ಜಾಗ ಜಗತ್ತಿನಲ್ಲಿ ಅದೊಂದೇ. ಸ್ವಭಾವದಲ್ಲಿ ಕಾಳಿಯ ಮಗ್ಗರೇ ಮನುಷ್ಯನ ಮೇಲೆ ಹೆಚ್ಚು ಎರಗುವಂಥದ್ದು. ಅದರ ಪಕ್ಕದಲ್ಲಿ ಬೆಳೆದ ನೀನು ಇಲ್ಲಿಗೆ ಬಂದು ಕಂಗೆಡಬೇಕಿಲ್ಲ.

ಓಡಿಸಿಕೊಂಡು ಬಂದರೆ ಅಡ್ಡಾದಿಡ್ಡಿ ಓಡಬೇಕಂತೆ, ನಿಜವೇ ಎಂದು ಕೇಳಿದ್ದೀ. ಇಲ್ಲಿನವರೇ ಈ ಮಾತನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ. ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಾಗ ಪ್ರತಿ ತರಗತಿಯಲ್ಲೂ ಯಾರಾದರೂ ಕೈ ಎತ್ತಿ ಇದನ್ನೇ ಹೇಳುತ್ತಿದ್ದರು. ಅಲಿಗೇಟರ್ ನೆಲದ ಮೇಲೆ ಮನುಷ್ಯನನ್ನು ಬೆನ್ನಟ್ಟಿ ಬೇಟೆಯಾಡುವ ಪ್ರಾಣಿಯಲ್ಲ. ನೀರಿನಲ್ಲಿ ಕಣ್ಣು, ಮೂಗು ಮಾತ್ರ ಮೇಲಿಟ್ಟು, ಬೇಟೆ ತಾನಾಗಿ ಅಂಚಿಗೆ ಬರುವವರೆಗೆ ಅಲುಗಾಡದೆ ಕಾಯುವುದು ಅದರ ಕ್ರಮ. ನೆಲದ ಮೇಲೆ ಒಂದು ಚಿಕ್ಕ ದೂರ ವೇಗವಾಗಿ ಮುನ್ನುಗ್ಗಬಲ್ಲದು, ಅಷ್ಟರಲ್ಲೇ ದಣಿಯುತ್ತದೆ. ಅಂಥ ಸಂದರ್ಭ ಬಂದರೆ ನೆಟ್ಟಗೆ, ನೀರಿಗೆ ಬೆನ್ನು ಮಾಡಿ ಓಡು. ಅಡ್ಡಾದಿಡ್ಡಿ ಓಡಿದರೆ ಅದರ ಹತ್ತಿರವೇ ಉಳಿಯುತ್ತೀ. ಬುಸ್ಸೆಂದರೆ ನೀನು ಹತ್ತಿರ ಹೋಗಿದ್ದೀ ಎಂದೇ ಅರ್ಥ, ಹಿಂದಕ್ಕೆ ಸರಿ. ದಡದಲ್ಲಿ ಬಾಯಿ ತೆರೆದು ಮಲಗಿದ್ದರೆ ಅದು ಸಿಟ್ಟಲ್ಲ. ಮೈಯ ಬಿಸಿಯನ್ನು ಹೊರಗೆ ಬಿಡುತ್ತಿದೆ. ಅರವತ್ತು ಅಡಿ ದೂರ ಎಂಬುದು ನಮ್ಮ ಮನೆಯ ನಿಯಮ. ನಿಮ್ಮ ದೊಡ್ಡಪ್ಪ ಕ್ಯಾಮೆರಾ ಹಿಡಿದಿರಲಿ, ಬಂದ ನೆಂಟರು ಎಷ್ಟೇ ಆಸೆಪಡಲಿ, ಆ ನಿಯಮ ಮುರಿಯುವುದಿಲ್ಲ.

ಇನ್ನು ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು. ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡ.

ಅಲಿಗೇಟರಿಗೆ ಮನುಷ್ಯನೆಂದರೆ ಹುಟ್ಟಿನಿಂದಲೇ ಅಂಜಿಕೆ. ನೀನು ದಡಕ್ಕೆ ಕಾಲಿಟ್ಟರೆ ಅದು ನೀರಿಗೆ ಜಾರುತ್ತದೆ, ನೀರಿನಲ್ಲಿದ್ದರೆ ಮುಳುಗುತ್ತದೆ. ಆ ಅಂಜಿಕೆಯೇ ನಿನ್ನನ್ನೂ ಕಾಯುತ್ತದೆ, ಅದನ್ನೂ ಕಾಯುತ್ತದೆ. ಆ ಅಂಜಿಕೆ ಕಳೆಯುವುದು ಬಹಳ ಸುಲಭ: ಒಂದು ತುಂಡು ಬ್ರೆಡ್ ಎಸೆದರಾಯಿತು. ಮತ್ತೊಂದು ದಿನ ಮತ್ತೊಬ್ಬರು ಕೋಳಿಯ ಎಲುಬು ಎಸೆಯುತ್ತಾರೆ. ಮೀನು ಹಿಡಿಯುವವರು ಮೀನಿನ ತಲೆ, ಕರುಳು ಅಲ್ಲೇ ಬಿಟ್ಟು ಹೋಗುತ್ತಾರೆ. ಸ್ವಲ್ಪ ದಿನಗಳಲ್ಲಿ ಆ ಪ್ರಾಣಿ ಹೆಜ್ಜೆಯ ಸಪ್ಪಳ ಕೇಳಿದರೆ ದೂರ ಹೋಗುವ ಬದಲು ಹತ್ತಿರ ಬರುತ್ತದೆ. ಎಸೆದವರಿಗೆ ಅದು ಸಾಕುಪ್ರಾಣಿಯಾಯಿತೆಂಬ ಹಿಗ್ಗು. ಅಲಿಗೇಟರಿಗೆ ತಿಳಿಯುವುದು ಇಷ್ಟೇ, ಮನುಷ್ಯ ಇರುವಲ್ಲಿ ಆಹಾರ ಇದೆ. ಮುಂದೆ ಆ ದಾರಿಯಲ್ಲಿ ಬರುವ ಮಗು ಏನೂ ಎಸೆದಿರುವುದಿಲ್ಲ.

ನಮ್ಮ ಬಡಾವಣೆಯ ಹಿಂದೆ ಮಳೆನೀರು ನಿಲ್ಲುವ ಹೊಂಡವಿದೆ. ಅದರಲ್ಲಿ ಐದಡಿಯ ಗೇಟರೊಂದು ಬಂದು ನೆಲೆಸಿತ್ತು, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಬಾತುಗಳಿಗೆ ಬ್ರೆಡ್ ಹಾಕುವ ನೆಪದಲ್ಲಿ ಕೆಲವರು ಅದಕ್ಕೂ ಹಾಕತೊಡಗಿದರು. ಬೇಡವೆಂದು ಮನೆಮನೆಗೆ ಹೋಗಿ ಹೇಳಿದೆ. ಬೇಸಿಗೆ ಮುಗಿಯುವುದರೊಳಗೆ ಅದು ದಡ ಹತ್ತಿ ಜನರತ್ತ ಬರತೊಡಗಿತು, ದೂರು ಹೋಯಿತು, ಆಯೋಗ ನೇಮಿಸಿದ ಟ್ರ್ಯಾಪರ್ ಬಂದು ಹಿಡಿದೊಯ್ದ. ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿದ ಮಕ್ಕಳಿಗೆ ಆತ ಉತ್ತರ ಕೊಡಲಿಲ್ಲ. ನಾಲ್ಕಡಿಗಿಂತ ಉದ್ದವಿದ್ದು, ಅಪಾಯಕಾರಿ ಎಂದು ಹಿಡಿದ ಗೇಟರನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ದೂರ ಒಯ್ದು ಬಿಟ್ಟರೆ ಹಳೆಯ ಜಾಗ ಹುಡುಕಿಕೊಂಡು ಮರಳುತ್ತದೆ, ದಾರಿಯಲ್ಲಿ ರಸ್ತೆ ದಾಟುತ್ತದೆ, ಬೇರೆ ಗೇಟರ್‌ಗಳೊಂದಿಗೆ ಕಾದಾಡುತ್ತದೆ. ಉಣಿಸಿದ ಗೇಟರ್ ಸತ್ತ ಗೇಟರ್ ಎಂದು ಇಲ್ಲಿ ಹೇಳುತ್ತಾರೆ. ಅಲಿಗೇಟರಿಗೆ ಆಹಾರ ಹಾಕುವುದು ಈ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಇರದಿದ್ದರೂ ನೀನು ಹಾಕಕೂಡದು, ನಿನ್ನ ಗೆಳೆಯರು ಹಾಕುತ್ತಿದ್ದರೆ ಸಂಕೋಚಪಡದೆ ತಡೆ. ಹೊಸಬಳು, ಪರದೇಶದವಳು ಎಂದು ಸುಮ್ಮನಿರಬೇಡ. ಕಾಳಿಗೆ ಮಾಂಸದ ತ್ಯಾಜ್ಯ ಸುರಿಯುವವರನ್ನು ಕಂಡರೆ ನಮ್ಮ ಊರಿನಲ್ಲೂ ಹೀಗೇ ಹೇಳಬೇಕಾದ ಮಾತು ಇದು.

ಹಾಗೆಯೇ ಹೊತ್ತಿನ ವಿಷಯ. ಅವು ಚುರುಕಾಗುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಈಜುವುದಿದ್ದರೆ ಹಗಲು, ಅದಕ್ಕೆಂದೇ ಗುರುತಿಸಿದ ಜಾಗದಲ್ಲಿ ಮಾತ್ರ. ವಾರಾಂತ್ಯಕ್ಕೆ ಹುಡುಗರು ಇಚೆಟಕ್ನಿ ನದಿಯಲ್ಲಿ ಟ್ಯೂಬಿನ ಮೇಲೆ ತೇಲಲು ಕರೆಯುತ್ತಾರೆ; ಹೋಗು, ಆ ನೀರಿನ ತಿಳಿ ನೋಡಿ ನಿನಗೆ ಬೆರಗಾಗುತ್ತದೆ, ಆದರೆ ಬಿಸಿಲಿರುವಾಗಲೇ ಮರಳಿ ಬಾ. ಯಾರದಾದರೂ ನಾಯಿಯನ್ನು ತಿರುಗಾಡಿಸುವ ಕೆಲಸ ಒಪ್ಪಿಕೊಂಡರೆ ಕೆರೆಯಂಚು ಬಿಟ್ಟು ನಡೆ, ನಾಯಿ ಅವಕ್ಕೆ ಬೇಟೆಯ ಅಳತೆಯದು. ರಾತ್ರಿ ಟಾರ್ಚ್ ಬಿಟ್ಟರೆ ನೀರಿನ ಮೇಲೆ ಕೆಂಪಗೆ ಹೊಳೆಯುವ ಚುಕ್ಕಿಗಳೆಲ್ಲ ಅವುಗಳ ಕಣ್ಣುಗಳೇ.

ನೀನು ಬರುವ ಕಾಲವೇ ಅವುಗಳ ಮರಿಗಳೂ ಹೊರಬರುವ ಕಾಲ. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಮಗ್ಗರ್ ಮರಳಿನ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಅಲಿಗೇಟರ್ ಹಾಗಲ್ಲ. ಜೂನ್ ಕೊನೆ, ಜುಲೈ ಮೊದಲಲ್ಲಿ ಹೆಣ್ಣು ಹುಲ್ಲು, ಜೊಂಡು, ಕೆಸರು ಒಟ್ಟುಗೂಡಿಸಿ ಗುಡ್ಡೆ ಹಾಕಿ, ಅದರ ನಡುವೆ ಸುಮಾರು ಮೂವತ್ತೈದು ನಲವತ್ತು ಮೊಟ್ಟೆಯಿಟ್ಟು ಮುಚ್ಚುತ್ತದೆ. ಊರಿನ ತಿಪ್ಪೆಗೆ ಕೈ ಹಾಕಿದರೆ ಒಳಗೆ ಬಿಸಿ ಇರುತ್ತದಲ್ಲ, ಹಾಗೆ ಕೊಳೆಯುವ ಸೊಪ್ಪಿನ ಬಿಸಿಯೂ ಬಿಸಿಲಿನ ಕಾವೂ ಸೇರಿ ಮೊಟ್ಟೆಗೆ ಶಾಖ ಕೊಡುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಆ ಬಿಸಿಯೇ. ಕಾವು 33 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದರೆ ಹೆಚ್ಚಿನವು ಗಂಡು. 30ಕ್ಕೆ ಇಳಿದರೆ ಹೆಣ್ಣು. 33ನ್ನು ಚೆನ್ನಾಗಿ ಮೀರಿ ಏರಿದರೆ ಮತ್ತೆ ಹೆಣ್ಣುಗಳೇ ಹೆಚ್ಚುತ್ತವೆ. ಲೂಸಿಯಾನಾದ ರಾಕ್‌ಫೆಲರ್ ವನ್ಯಜೀವಿ ತಾಣದಲ್ಲಿ ಫರ್ಗುಸನ್ ಮತ್ತು ಜೋನೆನ್ ಇಬ್ಬರೂ 1982ರಲ್ಲಿ ಇದರ ಮೊದಲ ಸುಳಿವು ಕೊಟ್ಟರು. ಭೂಮಿಯೇ ಬಿಸಿಯಾಗುತ್ತಿರುವ ಈ ದಿನಗಳಲ್ಲಿ, ಎರಡು ಮೂರು ಡಿಗ್ರಿಯ ಅಂತರದ ಮೇಲೆ ನಿಂತ ಈ ಲೆಕ್ಕ ಮುಂದೆ ಏನಾದೀತು ಎಂದು ಯೋಚಿಸಿದರೆ ನನಗೆ ಕಳವಳವಾಗುತ್ತದೆ. ಪರಿಸರ ಎಂಜಿನಿಯರಿಂಗ್ ಓದಲು ಬರುತ್ತಿರುವವಳು ನೀನು, ಈ ವಿಷಯ ನಿನ್ನ ಮನಸ್ಸಿನಲ್ಲಿರಲಿ.

ಎರಡು ತಿಂಗಳಾದ ಮೇಲೆ ಮರಿಗಳು ಮೊಟ್ಟೆಯೊಳಗಿನಿಂದಲೇ ಕೂಗುತ್ತವೆ. ತಾಯಿ ಬಂದು ಗುಡ್ಡೆ ಕೆದರಿ, ಒಡೆಯದ ಮೊಟ್ಟೆಯನ್ನು ಬಾಯಲ್ಲಿ ಮೆಲ್ಲಗೆ ಹೊರಳಿಸಿ ಒಡೆದು, ಮರಿಗಳನ್ನು ದವಡೆಯಲ್ಲೇ ಹೊತ್ತು ನೀರಿಗೆ ಬಿಡುತ್ತದೆ. ಟ್ಯಾಲಹ್ಯಾಸಿಯ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗರಿ ಎರಿಕ್ಸನ್ ಅವರು ದೊಡ್ಡ ಗೇಟರಿನ ಕಡಿತದ ಬಲ ಅಳೆದಾಗ ಎರಡು ಸಾವಿರ ಪೌಂಡ್, ಅಂದರೆ ಒಂಬೈನೂರು ಕಿಲೋ ಮೀರಿತ್ತು. ಆಮೆಯ ಚಿಪ್ಪು ಪುಡಿಮಾಡುವ ಅದೇ ದವಡೆಯಲ್ಲಿ ಗೇಣುದ್ದವಿಲ್ಲದ ಮರಿ ಒಂದು ಗೀರೂ ಇಲ್ಲದೆ ನೀರು ಸೇರುತ್ತದೆ. ದವಡೆಯ ಚರ್ಮದ ತುಂಬ ಸಣ್ಣ ಕಪ್ಪು ಗುಳ್ಳೆಗಳಂಥ ಚುಕ್ಕೆಗಳಿರುತ್ತವೆ. ಕತ್ತಲಲ್ಲಿ ನೀರಿಗೆ ಬಿದ್ದ ಒಂದು ಹನಿಯ ಅಲೆಯನ್ನೂ ಅವು ಗ್ರಹಿಸುತ್ತವೆಂದು ಡಾಫ್ನಿ ಸೋರೆಸ್ ಎಂಬ ವಿಜ್ಞಾನಿ 2002ರಲ್ಲಿ ತೋರಿಸಿಕೊಟ್ಟರು. ಬಲ, ಸೂಕ್ಷ್ಮ ಎರಡೂ ಒಂದೇ ಬಾಯಲ್ಲಿ ಇಷ್ಟು ಇರುವ ಪ್ರಾಣಿಯನ್ನು ಬರೀ ಕ್ರೂರ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ತಾಯಿ ಮರಿಗಳ ಜೊತೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಆದರೂ ಕೊಕ್ಕರೆ, ರಕೂನ್, ನೀರುನಾಯಿ, ದೊಡ್ಡ ಮೀನು, ದೊಡ್ಡ ಗೇಟರ್ ಎಲ್ಲವೂ ಸೇರಿ ಬಹುಪಾಲು ಮರಿಗಳನ್ನು ತಿಂದು ಮುಗಿಸುತ್ತವೆ. ನಿನಗೆ ಇದರಲ್ಲಿ ಒಂದು ಎಚ್ಚರಿಕೆ: ಮೈಮೇಲೆ ಹಳದಿ ಪಟ್ಟೆಯ ಪುಟ್ಟ ಮರಿಗಳು ಕಂಡರೆ, ಅವುಗಳ ಕೀಚಲು ಕೂಗು ಕೇಳಿದರೆ, ಎಷ್ಟೇ ಮುದ್ದೆನಿಸಿದರೂ ಅಲ್ಲಿ ನಿಲ್ಲಬೇಡ. ತಾಯಿ ನಿನಗೆ ಕಾಣದಿರಬಹುದು, ಅದಕ್ಕೆ ನೀನು ಕಾಣುತ್ತಿರುತ್ತೀ.

ಚಳಿಗಾಲದಲ್ಲಿ ಏನು ಮಾಡುತ್ತವೆ ಎಂಬುದಕ್ಕೆ ಉತ್ತರ ಚಿಕ್ಕದು. ತಣ್ಣನೆಯ ದಿನಗಳಲ್ಲಿ ಊಟ ಬಿಟ್ಟು, ಬಿಲದಲ್ಲೋ ಕೆಸರಿನಲ್ಲೋ ಜಡವಾಗಿ ಬಿದ್ದಿರುತ್ತವೆ, ಬಿಸಿಲು ಬಂದರೆ ದಡಕ್ಕೆ ಬಂದು ಮೈ ಕಾಯಿಸಿಕೊಳ್ಳುತ್ತವೆ. 2018ರ ಜನವರಿಯಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಕೊಳ ಹೆಪ್ಪುಗಟ್ಟಿದಾಗ, ಮೂತಿಯ ತುದಿ ಮಾತ್ರ ಮಂಜುಗಡ್ಡೆಯ ಮೇಲಿಟ್ಟು ಉಸಿರಾಡುತ್ತ ಬದುಕಿದ್ದವು.

ಅವು ಕೂಗುತ್ತವೆಯೇ ಎಂದೂ ಕೇಳಿದ್ದೀ. ಏಪ್ರಿಲ್, ಮೇ ಬೆಳಗಿನಲ್ಲಿ ಗಂಡು ಗೇಟರ್ ತಲೆ, ಬಾಲ ಎರಡನ್ನೂ ಎತ್ತಿ ಗುಟುರು ಹಾಕುತ್ತದೆ. ಒಂದು ಹಾಕಿದರೆ ಇಡೀ ಜವುಗಿನಲ್ಲಿ ಇತರವೂ ದನಿಗೂಡಿಸುತ್ತವೆ. ಗುಟುರಿಗೆ ಮೊದಲು ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ಕಂಪನ ಹೊರಡುತ್ತದೆ; ಅದರಿಂದ ಬೆನ್ನ ಮೇಲಿನ ನೀರು ಹನಿಹನಿಯಾಗಿ ಸಿಡಿದು ಕುಣಿಯುತ್ತದೆ. 1774ರಲ್ಲಿ ವಿಲಿಯಂ ಬಾರ್ಟ್ರಮ್ ಎಂಬ ಸಸ್ಯಶಾಸ್ತ್ರಜ್ಞ ಸೇಂಟ್ ಜಾನ್ಸ್ ನದಿಯಲ್ಲಿ ದೋಣಿಯಲ್ಲಿ ಬಂದವನು, ಇವುಗಳ ಮೂಗಿನಿಂದ ಹೊಗೆ ಬರುತ್ತದೆಂದು ಬರೆದ. 1791ರಲ್ಲಿ ಅವನ ಪುಸ್ತಕ ಬಂದಾಗ ನಂಬದವರು ಬಹಳ. ಬೆಳಗಿನ ತಂಪಿನಲ್ಲಿ ಉಸಿರಿನ ಹಬೆಯನ್ನೂ ಆ ಹನಿಗಳನ್ನೂ ನೋಡಿದವರಿಗೆ ಅವನು ಕಂಡದ್ದು ಏನಿರಬಹುದೆಂದು ತಿಳಿಯುತ್ತದೆ. ಆ ಪ್ರವಾಸದಲ್ಲೇ ಅವನು ನಮ್ಮ ಊರ ಹೊರಗಿನ ಪೇನ್ಸ್ ಪ್ರೇರಿಯ ಬಯಲಿಗೂ ಬಂದಿದ್ದ. ಈಗ ಅಲ್ಲಿ ಲಾ ಚುವಾ ಎಂಬ ಕಾಲುದಾರಿ ಇದೆ, ಮರದ ಕಟ್ಟೆಯ ಮೇಲೆ ನಿಂತು ಗೇಟರ್‌ಗಳನ್ನು ಸುರಕ್ಷಿತವಾಗಿ ನೋಡಬಹುದು. ನೀನು ಬಂದ ಮೊದಲ ಶನಿವಾರವೇ ಅಲ್ಲಿಗೆ ಹೋಗೋಣ.

ಇಷ್ಟೊಂದು ಇರುವ ಪ್ರಾಣಿಯನ್ನು ಏಕೆ ಕಾಪಾಡಬೇಕು ಎಂದು ನಿನ್ನ ತಮ್ಮ ಕೇಳಿದನಂತೆ. ಒಂದು ಕಾಲದಲ್ಲಿ ಇಷ್ಟೊಂದು ಇರಲಿಲ್ಲ ಎಂದು ಅವನಿಗೆ ಹೇಳು. ಚೀಲ, ಬೂಟು, ಬೆಲ್ಟಿನ ಚರ್ಮಕ್ಕಾಗಿ ಕೊಂದು ಕೊಂದು, 1967ರ ಹೊತ್ತಿಗೆ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಬೇಟೆ ನಿಂತಿತು, ಚರ್ಮದ ವ್ಯಾಪಾರಕ್ಕೆ ಕಡಿವಾಣ ಬಿತ್ತು, 1987ರಲ್ಲಿ ಪೂರ್ತಿ ಚೇತರಿಸಿಕೊಂಡಿತೆಂದು ಸರ್ಕಾರ ಘೋಷಿಸಿತು. ಇಪ್ಪತ್ತು ವರ್ಷ. ನಮ್ಮಲ್ಲೂ ಅದೇ ಕಾಲದಲ್ಲಿ 1972ರ ವನ್ಯಜೀವಿ ಕಾಯ್ದೆ, 1975ರ ಮೊಸಳೆ ಸಂರಕ್ಷಣಾ ಯೋಜನೆ ಬಂದವು. ಕಾಳಿಯಲ್ಲೂ ರಂಗನತಿಟ್ಟಿನಲ್ಲೂ ಇಂದು ನೀವು ಮೊಸಳೆ ನೋಡುತ್ತಿರುವುದರ ಹಿಂದೆ ಆ ಕಾಯ್ದೆಯ ರಕ್ಷಣೆ ಇದೆ.

ಉಪಯೋಗ ಕೇಳಿದರೆ ಅದೂ ಇದೆ. ದಕ್ಷಿಣದ ಎವರ್‌ಗ್ಲೇಡ್ಸ್ ಜವುಗಿನಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಆರುತ್ತದೆ. ಅಲಿಗೇಟರ್ ಮೂತಿ, ಕಾಲು, ಬಾಲದಿಂದ ಕೆಸರು ಎಳೆದು ಮಾಡಿಕೊಂಡ ಗುಂಡಿಯಲ್ಲಿ ಮಾತ್ರ ನೀರು ಉಳಿಯುತ್ತದೆ. ಮೀನು, ಆಮೆ, ಕಪ್ಪೆ, ಬಸವನಹುಳು ಎಲ್ಲವೂ ಮುಂದಿನ ಮಳೆಯವರೆಗೆ ಜೀವ ಹಿಡಿಯುವುದು ಅಲ್ಲೇ, ಹಕ್ಕಿಗಳು ಮೇಯುವುದೂ ಅಲ್ಲೇ. ಬೆಳ್ಳಕ್ಕಿ, ಕೊಕ್ಕರೆಗಳು ಬೇಕೆಂದೇ ಗೇಟರ್ ಇರುವ ನೀರಿನ ಮೇಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೊಟ್ಟೆ ಕದಿಯುವ ರಕೂನ್ ಆ ನೀರು ದಾಟಿ ಬರಲು ಹೆದರುತ್ತದೆ. ಅದಕ್ಕೆ ಪ್ರತಿಯಾಗಿ ಗೂಡಿನಿಂದ ಜಾರಿ ಬಿದ್ದ ಮರಿ ಗೇಟರಿನ ಪಾಲು. ಹಕ್ಕಿಗಳೊಂದಿಗೆ ಅದಕ್ಕೆ ಇನ್ನೂ ಹಳೆಯ ನಂಟಿದೆ: ಅಲಿಗೇಟರಿನ ಶ್ವಾಸಕೋಶದಲ್ಲಿ ಗಾಳಿ ಹಕ್ಕಿಗಳಲ್ಲಿ ಹರಿಯುವಂತೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂದು ಯೂಟಾ ವಿಶ್ವವಿದ್ಯಾಲಯದ ಕಾಲೀನ್ ಫಾರ್ಮರ್ 2010ರಲ್ಲಿ ಕಂಡುಕೊಂಡರು.

ಬುದ್ಧಿ ಇದೆಯೇ ಎಂಬ ನಿನ್ನ ಪ್ರಶ್ನೆಗೆ ಒಂದು ಸಂಗತಿ ಹೇಳುತ್ತೇನೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಕಡ್ಡಿಗಳನ್ನು ಮೂತಿಯ ಮೇಲೆ ಇಟ್ಟುಕೊಂಡು ಅಲುಗಾಡದೆ ಇರುವುದನ್ನು, ಕಡ್ಡಿ ಆಯಲು ಬಂದ ಹಕ್ಕಿಯ ಮೇಲೆ ಎರಗುವುದನ್ನು ವ್ಲಾದಿಮಿರ್ ದಿನೆಟ್ಸ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಅವರು ನೋಡಿದ್ದು ಎರಡು ಕಡೆ: ಚೆನ್ನೈ ಬಳಿಯ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನ ಮಗ್ಗರ್‌ಗಳಲ್ಲಿ, ಮತ್ತೆ ಇಲ್ಲಿ ಲೂಸಿಯಾನಾದ ಅಲಿಗೇಟರ್‌ಗಳಲ್ಲಿ. ಸೇಂಟ್ ಅಗಸ್ಟಿನ್ ಊರಿನಲ್ಲಿ 1893ರಿಂದ ಇರುವ ಅಲಿಗೇಟರ್ ಫಾರ್ಮ್ ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ವಸಂತದಲ್ಲಿ ಅಲ್ಲಿ ಗೇಟರ್‌ಗಳ ತಲೆಯ ಮೇಲಿನ ಮರಗಳಲ್ಲೇ ನೂರಾರು ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ನಿನ್ನ ವಸಂತದ ರಜೆಗೆ ಆ ದಿನ ಈಗಲೇ ಮೀಸಲಾಗಿದೆ.

ಎಷ್ಟು ವರ್ಷ ಬದುಕುತ್ತವೆ ಎಂಬುದು ಕೊನೆಯ ಪ್ರಶ್ನೆ. ಕಾಡಿನಲ್ಲಿ ಮೂವತ್ತರಿಂದ ಐವತ್ತು ವರ್ಷ, ಸಾಕಿದರೆ ಇನ್ನೂ ಹೆಚ್ಚು. ಸೆರ್ಬಿಯಾದ ಬೆಲ್‌ಗ್ರೇಡ್ ಮೃಗಾಲಯಕ್ಕೆ 1937ರಲ್ಲಿ ಬಂದ ಮುಯಾ ಎಂಬ ಅಲಿಗೇಟರ್ ಎರಡನೆಯ ಮಹಾಯುದ್ಧದ ಬಾಂಬುಗಳನ್ನು ದಾಟಿ, ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬಾಳಿದೆ.

ಬಂದಿಳಿದ ದಿನವೇ ನಿನ್ನ ಫೋನಿನಲ್ಲಿ ವನ್ಯಜೀವಿ ಆಯೋಗದ ಗೇಟರ್ ಸಹಾಯವಾಣಿಯ ಸಂಖ್ಯೆ ಹಾಕಿಕೊಡುತ್ತೇನೆ. ಮಳೆಗಾಲವಾದ್ದರಿಂದ ತೆಳುವಾದ ರೇನ್‌ಕೋಟ್ ತಾ. ಕಾಲುದಾರಿಗೆ ಚಪ್ಪಲಿ ಬೇಡ, ಗಟ್ಟಿ ಶೂ ಇರಲಿ. ಅಪ್ಪನ ದುರ್ಬೀನು ಕೊಡುತ್ತಾರಾದರೆ ಅದನ್ನೂ ಕೇಳು. ಟಿಕೆಟ್ಟಿನ ಪ್ರತಿಯನ್ನು ನಿಮ್ಮ ದೊಡ್ಡಪ್ಪನಿಗೆ ಕಳಿಸಿಬಿಡು, ವಿಮಾನ ನಿಲ್ದಾಣಕ್ಕೆ ಇಬ್ಬರೂ ಬರುತ್ತೇವೆ. ಅವ್ವನಿಗೂ ಅಪ್ಪನಿಗೂ ನನ್ನ ನೆನಪುಗಳು.

ಇಂತು ನಿನ್ನ
ದೊಡ್ಡವ್ವ